ಪೇಪರಿನ ಮಿದುಳಿನ ಚಿತ್ರಕ್ಕೆ ಆ ಕೆಂಪು ಬಣ್ಣ ಎಲ್ಲಿಂದ ಬರುತ್ತೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ‘ಭಯವಾದಾಗ ಮಿದುಳಿನ ಈ ಭಾಗ ಬೆಳಗುತ್ತದೆ’ ಅಂತ ಪೇಪರಿನಲ್ಲಿ ಕೆಂಪು ಚುಕ್ಕೆ ತೋರಿಸುತ್ತಾರಲ್ಲ, ಅದನ್ನು ಸ್ಕ್ಯಾನರೇ ತೆಗೆಯುತ್ತಾ? ಅಪ್ಪನ ತಲೆಗೆ ಎಂಆರ್‌ಐ ಮಾಡಿಸಿದಾಗ ಫಿಲ್ಮ್ ಬರೀ ಕಪ್ಪು-ಬಿಳುಪು ಇತ್ತು.

ಉತ್ತರ: ನಮಸ್ಕಾರ ಸರ್. ಅಪ್ಪನವರ ಫಿಲ್ಮಿನಲ್ಲಿ ಕಾಣೋದು ಮಿದುಳಿನ ರಚನೆ. ಪೇಪರಿನದು ಫಂಕ್ಷನಲ್ ಎಂಆರ್‌ಐ. ಯಂತ್ರ ಅದೇ, ಅಳೆಯೋದು ಬೇರೆ. ನರಕೋಶಗಳು ಕೆಲಸಕ್ಕೆ ಇಳಿದ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ನಮಗೆ ಸಿಗೋದು ಆ ರಕ್ತದ ಸುಳಿವು, ಅದೂ ಐದಾರು ಸೆಕೆಂಡ್ ತಡವಾಗಿ. ಬಣ್ಣ ಆಮೇಲೆ ಸಂಶೋಧಕರಾದ ನಾವು ಬಳಿಯೋದು. ಮಿದುಳನ್ನು ಎರಡು ಮೂರು ಮಿಲಿಮೀಟರಿನ ಪುಟ್ಟ ಪುಟ್ಟ ಘನಗಳಾಗಿ ವಿಂಗಡಿಸುತ್ತೇವೆ, ವಾಕ್ಸೆಲ್ ಅಂತ ಹೆಸರು. ಒಂದೊಂದಕ್ಕೂ ಟಿ-ಟೆಸ್ಟ್, ಅಂದರೆ ಅಲ್ಲಿ ಕಂಡ ಬದಲಾವಣೆ ನಿಜವೋ ಬರೀ ಅದೃಷ್ಟವೋ ಅಂತ ನೋಡುವ ಲೆಕ್ಕ. ನಾವು ಗೊತ್ತುಮಾಡಿದ ಗೆರೆ ದಾಟಿದವಕ್ಕೆ ಕೆಂಪು.

ಪ್ರಶ್ನೆ: ಸಾವಿರಾರು ಟೆಸ್ಟ್ ಮಾಡಿದರೆ ಕೆಲವು ಸುಮ್ನೆ ಅದೃಷ್ಟಕ್ಕೇ ದಾಟಿಬಿಡುತ್ತವೆ, ಅಲ್ವಾ?

ಉತ್ತರ: ಮೇಷ್ಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದಿರಿ! ಅಮೆರಿಕದ ಸಂಶೋಧಕ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಒಂದು ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿದರು. ಹದಿನೆಂಟು ಇಂಚು ಉದ್ದ, ಸತ್ತ ಮೀನು. ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ‘ಇವರಿಗೆ ಈಗ ಏನನ್ನಿಸುತ್ತಿರಬಹುದು?’ ಅಂತ ಕೇಳಿದರು. 8064 ವಾಕ್ಸೆಲ್‌ಗಳಲ್ಲಿ 16 ಗೆರೆ ದಾಟಿದವು! ಗೆರೆ ಇದ್ದದ್ದು ಸಾವಿರ ಟೆಸ್ಟಿಗೆ ಒಂದು ಅದೃಷ್ಟಕ್ಕೆ ದಾಟಬಹುದು ಅಂತ, ಲೆಕ್ಕ ಹಾಕಿ ನೋಡಿ, ಏನೂ ಇಲ್ಲದಿದ್ದರೂ ಸುಮಾರು ಎಂಟು ದಾಟಬೇಕು. ಅಷ್ಟೊಂದು ಟೆಸ್ಟ್ ಮಾಡಿದ್ದಕ್ಕೆ ತಕ್ಕಂತೆ ಗೆರೆಯನ್ನು ಬಿಗಿ ಮಾಡಿದಾಗ ಒಂದೂ ಉಳಿಯಲಿಲ್ಲ. 2012ರಲ್ಲಿ ಇವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ.

ನಗು ಬಂದರೂ ಸಮಸ್ಯೆ ಅಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ತಂಡ, ಸುಮ್ಮನೆ ಮಲಗಿದ್ದ ಆರೋಗ್ಯವಂತರ ಸ್ಕ್ಯಾನುಗಳನ್ನೇ ಎರಡು ಗುಂಪು ಮಾಡಿ ಹೋಲಿಸಿತು. ವ್ಯತ್ಯಾಸ ಸಿಗಲೇಬಾರದು. ಅದೃಷ್ಟಕ್ಕೆ ನೂರಕ್ಕೆ ಐದು ಸಲ ತಪ್ಪಾಗಿ ಸಿಕ್ಕರೆ ಪರವಾಗಿಲ್ಲ. ಈ ಲೆಕ್ಕಕ್ಕೆ ಎಲ್ಲರೂ ಬಳಸುವ ಸಾಫ್ಟ್‌ವೇರ್ ಕೆಲವು ಸೆಟ್ಟಿಂಗ್‌ಗಳಲ್ಲಿ 70ರವರೆಗೂ ತಪ್ಪಿತು. ನಾನೂ ಅದೇ ಸಾಫ್ಟ್‌ವೇರ್ ಬಳಸುತ್ತಿದ್ದೆ. ಆ ವಾರ ನನ್ನ ಹಳೇ ಫೈಲುಗಳನ್ನೆಲ್ಲ ಮತ್ತೆ ತೆಗೆದು ಕೂತೆ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ಮಗನಿಗೆ ಈ ಸ್ಕ್ಯಾನ್ ಮಾಡಿಸಿದರೆ ಓದಿನಲ್ಲಿ ಹೇಗೆ ಅಂತ ಗೊತ್ತಾಗುತ್ತಾ?

ಉತ್ತರ: ಇಲ್ಲಮ್ಮ, ದುಡ್ಡು ಉಳಿಸಿ. ಮಿದುಳಿಗೂ ಬುದ್ಧಿಗೂ ಇರುವ ಅಂಥ ನಂಟುಗಳು ತೀರಾ ಸಣ್ಣವು. ನೆಚ್ಚಬೇಕಾದರೆ ಸಾವಿರಾರು ಜನರ ಸ್ಕ್ಯಾನ್ ಬೇಕು ಅಂತ 2022ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಒಬ್ಬರಿಗೇ ಅಂತ ಇದು ಮುಖ್ಯವಾಗಿ ಉಪಯೋಗಕ್ಕೆ ಬರೋದು ಮಿದುಳಿನ ಗಡ್ಡೆ ತೆಗೆಯುವ ಮುಂಚೆ. ಒಳಗೆ ಮಲಗಿಸಿ, ‘ಬೆರಳು ತಟ್ಟಿ, ಈಗ ನಿಲ್ಲಿಸಿ’ ಅಂತ ಹೇಳುತ್ತಾ ಹೋಗುತ್ತೇವೆ. ಕೈ ಆಡಿಸುವ ಜಾಗ ಗಡ್ಡೆಯಿಂದ ಎಷ್ಟು ದೂರ ಇದೆ ಅಂತ ಸರ್ಜನ್ನಿಗೆ ಮೊದಲೇ ಗೊತ್ತಾಗುತ್ತದೆ.