ಪದಚರ್ಚೆ: ‘ಮಂಕಿ ಟಾಪ್’ಗೆ ಬಡಗಿಗಳ ಬಾಯಲ್ಲಿ ಯಾವ ಹೆಸರಿತ್ತು?

ಬಳಗದವರಿಗೆ ನಮಸ್ಕಾರ.

ಬೆಂಗಳೂರಿನ ಹಳೆಯ ಮನೆಗಳನ್ನು ಕೆಡವುವ ಮೊದಲೇ ಚಿತ್ರ ತೆಗೆದಿಡುವ ಕೆಲಸದಲ್ಲಿದ್ದೇನೆ. ಅಡಿಬರಹಗಳನ್ನು ಕನ್ನಡದಲ್ಲಿಯೇ ಬರೆಯಬೇಕೆಂಬುದು ನನ್ನ ಹಟ. ಒಂದು ಹೆಸರಿಗಾಗಿ ನಿಮ್ಮ ನೆರವು ಬೇಕು.

ದಂಡಿನ ಪ್ರದೇಶದ (ಕಂಟೋನ್ಮೆಂಟಿನ) ಬಂಗಲೆಗಳಲ್ಲಿಯೂ 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿಯೂ ಕಿಟಕಿಯ ನೆತ್ತಿಯಿಂದ ಮುಂದಕ್ಕೆ ಚಾಚಿದ, ತುದಿ ಚೂಪಾದ ಮರದ ಮುಚ್ಚಿಗೆಯನ್ನು ನೋಡಿರುತ್ತೀರಿ. ಎರಡು ಇಳಿಜಾರು, ಮುಂಬದಿಯಲ್ಲಿ ಉದ್ದುದ್ದ ಜೋಡಿಸಿದ ತೆಳುವಾದ ಪಟ್ಟಿಗಳು, ಪಟ್ಟಿಗಳ ತುದಿಯಲ್ಲಿ ಕೊರೆದ ಅಲಂಕಾರ. ಬಿಸಿಲನ್ನೂ ಮಳೆಯ ಎರಚಲನ್ನೂ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಬರೆಯುವವರು ‘ಮಂಕಿ ಟಾಪ್’ ಎನ್ನುತ್ತಾರೆ. ಅಲ್ಲಿ ಕೋತಿಗಳು ಬಂದು ಕೂರುತ್ತಿದ್ದವು ಎಂಬ ವಿವರಣೆಯನ್ನು ನಾನು ಕೇಳಿದ್ದೇನೆ. ಹೆಸರು ಬಂದ ಮೇಲೆ ಹುಟ್ಟಿದ ಕಥೆಯಂತೆ ನನಗೆ ತೋರುತ್ತದೆ.

ಈ ಮರವನ್ನು ಕೊರೆದು ಜೋಡಿಸಿದವರು ಇಲ್ಲಿನ ಬಡಗಿಗಳು. ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ವಸ್ತುವಿಗೆ ಅವರಲ್ಲಿ ಒಂದು ಮಾತು ಇದ್ದೇ ಇರಬೇಕು.

‘ಚಜ್ಜಾ’ ಎಂದರೆ ಓದುಗರ ಕಣ್ಣಿಗೆ ಕಾಂಕ್ರೀಟಿನ ಚಪ್ಪಟೆ ಹಲಗೆ ಬರುತ್ತದೆ. ‘ಲೋವೆ’ ಮುಖ್ಯ ಛಾವಣಿಯ ಅಂಚಿಗೆ ಸಲ್ಲುವ ಪದ. ‘ಇಳಿಮಾಡು’ ಎನ್ನೋಣವೆಂದರೆ ಅದು ಗೋಡೆಗೆ ಒರಗಿದ ಒಂದೇ ಇಳಿಜಾರು; ಮೇಲಾಗಿ ಛಾವಣಿಯ ಅರ್ಥದ ‘ಮಾಡು’ ಕರಾವಳಿಯವರ ಕಿವಿಗೆ ಸಹಜವಾದಷ್ಟು ಹಳೆಯ ಮೈಸೂರಿನವರಿಗೆ ಅಲ್ಲ. ಗೆಳೆಯರೊಬ್ಬರು ‘ಕಪಿಶೀರ್ಷ’ ಎಂದು ಸೂಚಿಸಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯನ್ನು ವಿವರಿಸುವಾಗ ‘ಕಪಿಶೀರ್ಷಕ’ ಬರುವುದು ನಿಜ, ಓದಿದಾಗ ನಾನೂ ಪುಳಕಗೊಂಡೆ. ಆದರೆ ಅದು ಕೋಟೆಗೋಡೆಯ ತುದಿಯ ಮಾತು, ಕನ್ನಡದಲ್ಲಿ ‘ತೆನೆ’ ಎನ್ನುತ್ತೇವಲ್ಲ, ಆ ಜಾತಿಯದು. ಕೋತಿ ಎರಡರಲ್ಲಿಯೂ ಇದೆಯೆಂಬ ಒಂದೇ ಕಾರಣಕ್ಕೆ ಅದನ್ನು ತಂದು ಕಿಟಕಿಯ ಮೇಲೆ ಕೂರಿಸಿದರೆ ಇಲ್ಲದ ಪರಂಪರೆಯೊಂದನ್ನು ನಾವೇ ಸೃಷ್ಟಿಸಿದಂತಾಗುತ್ತದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಸದ್ಯಕ್ಕೆ ‘ಕಿಟಕಿಯ ಮರದ ಸೂರು’ ಎಂದು ಬರೆದಿಟ್ಟಿದ್ದೇನೆ, ತೃಪ್ತಿಯಿಲ್ಲ.

ಜಗಲಿ, ಪಡಸಾಲೆ, ತೊಟ್ಟಿ, ಬೋದಿಗೆ, ಗಾರೆ ನೆಲ ಇವುಗಳಿಗೆ ತೊಂದರೆಯಿಲ್ಲ. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿ ಕಟ್ಟುವ ‘ಮದರಾಸು ತಾರಸಿ’ಯನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ.

ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1927ರಲ್ಲಿ ತೀರಿಕೊಳ್ಳುವವರೆಗೆ ಹಳೆಯ ಪ್ಯಾರಿಸ್ಸನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟ ಛಾಯಾಗ್ರಾಹಕ ಯೂಜೆನ್ ಅಟ್ಜೆ ಬೀದಿಗಳನ್ನಷ್ಟೇ ಅಲ್ಲದೆ ಬಾಗಿಲು ಬಡಿಯುವ ಹಿಡಿಗಳನ್ನೂ ಮೆಟ್ಟಿಲಿನ ಕಂಬಿಗಳನ್ನೂ ಬಿಡಿಬಿಡಿಯಾಗಿ ತೆಗೆದು, ಸ್ಥಳದ ಹೆಸರನ್ನು ಬರೆದಿಡುತ್ತಿದ್ದರು. ಕಲಾವಿದರು, ಕುಶಲಕರ್ಮಿಗಳು, ಗ್ರಂಥಾಲಯಗಳು ಆ ಚಿತ್ರಗಳನ್ನು ಕೊಳ್ಳುತ್ತಿದ್ದರು. ಮನೆ ಬಿದ್ದ ಮೇಲೆ ಚಿತ್ರವನ್ನು ಹುಡುಕಿಕೊಂಡು ಬರುವವರಿಗೆ ಅಡಿಬರಹವೇ ದಾರಿ. ಇಲ್ಲಿ ಮನೆ ಕೆಡವಿದಾಗ ಬಾಗಿಲು, ಕಂಬ, ತೊಲೆಗಳನ್ನು ಹಳೆಯ ಮರದ ವ್ಯಾಪಾರಿಗಳು ಕೊಳ್ಳುತ್ತಾರೆ; ಈ ತೆಳುವಾದ ಪಟ್ಟಿಗಳನ್ನು ಕೇಳುವವರಿಲ್ಲ, ಸೌದೆಯಾಗುತ್ತವೆ. ಆದ್ದರಿಂದಲೇ ಇದರ ಹೆಸರನ್ನು ಮೊದಲು ಕೇಳುತ್ತಿದ್ದೇನೆ.

ನಿಮ್ಮ ಮನೆತನದಲ್ಲಿ ಬಡಗಿಗಳೋ ಮೇಸ್ತ್ರಿಗಳೋ ಇದ್ದರೆ ಹಿರಿಯರನ್ನು ದಯವಿಟ್ಟು ವಿಚಾರಿಸಿ. ಮನೆ ಕಟ್ಟಿಸಿದ ಕಾಲದ ಲೆಕ್ಕದ ಪುಸ್ತಕ ಉಳಿದಿದ್ದರೆ ಮರಗೆಲಸದ ಬಾಬಿನಲ್ಲಿ ಕಣ್ಣಾಡಿಸಿ. ಕೋಲಾರ ಚಿನ್ನದ ಗಣಿಯ ಕಡೆಯೋ ಮಲೆನಾಡಿನ ತೋಟದ ಬಂಗಲೆಗಳಲ್ಲೋ ಇಂಥದ್ದನ್ನು ಕಂಡವರು ಅಲ್ಲಿನ ಮಾತನ್ನು ತಿಳಿಸಿ. ಕನ್ನಡದ ಮನೆಗಳಲ್ಲಿಯೂ ‘ಮಂಕಿ ಟಾಪ್’ ಎಂದೇ ಹೇಳುತ್ತಿದ್ದರೆಂದಾದರೆ ಅದನ್ನೇ ಅಚ್ಚು ಹಾಕಿಸಲು ನನಗೆ ಸಂಕೋಚವಿಲ್ಲ. ಪದದ ಜೊತೆಗೆ ಊರು, ಬಡಾವಣೆ, ಹೇಳಿದವರ ಕಸುಬು, ಇಷ್ಟನ್ನು ಬರೆದರೆ ಅಡಿಬರಹದಲ್ಲಿ ನಮೂದಿಸುತ್ತೇನೆ.