ಮೆಣಸಿನ ಸಸಿ ಬಿಸಿಲಿಗಿಟ್ಟೆ, ಎಲೆ ಬೆಳ್ಳಗಾಯ್ತು. ಯಾರಿಗಾದರೂ ಹೀಗಾಗಿದೆಯಾ?

ನೆರಳು ಬಲೆಯ ಕೆಳಗೆ ಬೆಳೆದ 4 ಕಾಳುಮೆಣಸಿನ ಸಸಿ ತಂದು ಸೀದಾ ತಾರಸಿ ಮೇಲಿಟ್ಟೆ. ಮೂರೇ ದಿನಕ್ಕೆ ಎಲೆ ಮೇಲೆ ಬಿಳಿ ಕಲೆ, ಈಗ ಹಪ್ಪಳದ ಹಾಗೆ ಒಣಗಿದೆ. ನೀರು ದಿನಾ ಹಾಕುತ್ತಿದ್ದೇನೆ. ರೋಗವಾ?

— ರೋಗ ಅಲ್ಲ, ಬಿಸಿಲು ಹೊಡೆದಿದೆ. ನನ್ನ ಆಂಥೂರಿಯಂಗೂ ಹೀಗೇ ಆಗಿತ್ತು. ಒಂದು ಎಲೆ ಇನ್ನೊಂದಕ್ಕೆ ಮರೆಯಾಗಿದ್ದ ಕಡೆ ನೋಡಿ, ಅಷ್ಟು ಜಾಗ ಮಾತ್ರ ಹಸಿರು ಉಳಿದಿದ್ದರೆ ಅನುಮಾನವೇ ಬೇಡ.

— ಮೇಲಿನವರು ಹೇಳಿದ್ದು ಸರಿ. ನಾನು ಸಸ್ಯಶಾಸ್ತ್ರ ಓದಿದವಳು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಡಿ. ಮಧ್ಯಾಹ್ನ ಎಲೆ ಹೀರುವ ಬೆಳಕಷ್ಟನ್ನೂ ಆಹಾರ ಮಾಡೋಕೆ ಬಳಸಲು ಆಗುವುದಿಲ್ಲ. ಮಿಕ್ಕ ಶಕ್ತಿ ಆಮ್ಲಜನಕಕ್ಕೆ ದಾಟಿದರೆ ಎಲೆಯನ್ನೇ ಹಾಳು ಮಾಡುತ್ತದೆ. ಅದಕ್ಕೇ ಎಲೆಯಲ್ಲಿ ವಯೊಲಾಕ್ಸಾಂಥಿನ್ ಅನ್ನೋ ಹಳದಿ ಬಣ್ಣದ ವಸ್ತು ಇದೆ. ಬಿಸಿಲೇರಿದರೆ ಕೆಲವೇ ನಿಮಿಷದಲ್ಲಿ ಅದು ಜಿಯಾಕ್ಸಾಂಥಿನ್ ಆಗಿ, ಮಿಕ್ಕ ಶಕ್ತಿ ಶಾಖವಾಗಿ ಹೊರಗೆ ಹೋಗಲು ನೆರವಾಗುತ್ತದೆ. ಹಸಿರು ಕಣಗಳೂ ಸುಮ್ನೆ ಕೂರುವುದಿಲ್ಲ, ಜೀವಕೋಶದ ಪಕ್ಕದ ಗೋಡೆಗೆ ಸರಿದು ಒಂದರ ಹಿಂದೆ ಒಂದು ನಿಲ್ಲುತ್ತವೆ. ಆದರೆ ನೆರಳಲ್ಲಿ ಬೆಳೆದ ಎಲೆ ತೆಳು, ಈ ಹಳದಿ ಸರಕೂ ಕಡಿಮೆ. ಸಸಿ ಬದಲಾಗೋಕೆ ನೀವು ಟೈಮೇ ಕೊಡಲಿಲ್ಲ, ಅಲ್ವಾ?

— ನೀರು ಜಾಸ್ತಿ ಹಾಕಿದರೆ ಸಾಕು, ಸರಿಹೋಗುತ್ತೆ.

— ಸಾಲದು ಸಾರ್. ನೀರು ಕಡಿಮೆಯಾದರೆ ಎಲೆ ತನ್ನ ರಂಧ್ರ ಮುಚ್ಚುತ್ತದೆ, ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ, ಬೆಳಕು ಇನ್ನೂ ಮಿಗುತ್ತದೆ, ಅಷ್ಟರ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಕುಂಡದಲ್ಲಿ ನೀರು ನಿಂತರೆ ಮೆಣಸಿನ ಬೇರೇ ಕೊಳೆಯುತ್ತದೆ. ತೋಟದಲ್ಲಿ ಮರದ ನೆರಳಲ್ಲಿ ಹಬ್ಬುವ ಬಳ್ಳಿ ಇದು, ಇಡೀ ದಿನದ ಬಿಸಿಲು ಇದಕ್ಕೆ ಯಾಕೆ? ನಮ್ಮಲ್ಲಿ ಅಡಿಕೆ ಮರಕ್ಕೇ ನೈಋತ್ಯದ ಬಿಸಿಲು ಬೀಳುವ ಕಡೆ ಸುಣ್ಣ ಬಳಿಯುತ್ತೇವೆ! ಬೆಳಿಗ್ಗೆ ಒಂದು ಗಂಟೆ ಎಳೆಬಿಸಿಲಿಂದ ಶುರು ಮಾಡಿ, ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ, ಮಧ್ಯಾಹ್ನ ಬಲೆ ಇರಲೇಬೇಕು. ಸುಟ್ಟ ಜಾಗ ಮತ್ತೆ ಹಸಿರಾಗುವುದಿಲ್ಲ. ಅರ್ಧ ಹಸಿರಿರುವ ಎಲೆ ಮಾತ್ರ ಕೀಳಬೇಡಿ, ಹೊಸ ಚಿಗುರು ಬರೋವರೆಗೆ ಸಸಿಗೆ ಊಟ ಅದರಿಂದಲೇ.

— ಈಗಷ್ಟೇ ಮೇಲೆ ಹೋಗಿ ನೋಡಿದೆ. ಹೌದು, ಮೇಲಿನ ಎಲೆಯ ಚೂಪು ತುದಿ ಕೆಳಗಿನದರ ಮೇಲೆ ಹಸಿರಾಗಿ ಅಚ್ಚೊತ್ತಿದ ಹಾಗಿದೆ. ನಾಲ್ಕೂ ಕುಂಡ ಮೆಟ್ಟಿಲ ಮರೆಗೆ ಇಳಿಸಿದೆ.