ಪುಟ್ಟಿ ಯಾವ ಕೋರ್ಸ್ ಸೇರ್ಬೇಕು, ಈಗ ಮಾಡ್ತಿರೋದನ್ನ ಹೇಗೆ ಮಾಡ್ಬೇಕು

ಅಕ್ಕ, ಇದು ಸ್ವಲ್ಪ ಉದ್ದ ಆಗತ್ತೆ, ಕೈಯಲ್ಲಿರೋ ಕೆಲಸ ಮಾಡ್ಕೊಂಡೇ ಕೇಳು. ಪುಟ್ಟಿ, ನೀನು ಮಾತ್ರ ಕೂತು ಪೂರ್ತಿ ಕೇಳಿಸ್ಕೋ. ಡಿಗ್ರಿ ಎರಡನೇ ವರ್ಷದಲ್ಲಿರೋ ಇವಳಿಗೆ ಹರೆಯದ ಮಕ್ಕಳ ಮಾನಸಿಕ ಆರೋಗ್ಯದ ಕೆಲಸಾನೇ ಮಾಡ್ಬೇಕು ಅಂತಿದೆ, ಈಗಾಗ್ಲೇ ಐದಾರು ಜನ ಜೂನಿಯರ್‌ಗಳು ರಾತ್ರಿ ಹೊತ್ತು ಮೆಸೇಜ್ ಮಾಡಿ ಇವಳ ಹತ್ರ ಕಷ್ಟ ಹೇಳ್ಕೊಳ್ತಾರೆ, ಅವರಿಗೆಲ್ಲ ಸೇರಿ ಒಂದು ಗ್ರೂಪೂ ಮಾಡಿದಾಳೆ, ಏನು ಓದಿಸ್ಲಿ, ಇದನ್ನ ಮುಂದುವರಿಸೋಕೆ ಬಿಡ್ಲಾ ಅಂತ ನೀನು ಕೇಳಿದ್ದೆ. ಡಾಕ್ಟರ್ ಓದದೆ ಇದೆಲ್ಲ ಆಗಲ್ಲ ಅಂತ ಚಿಕ್ಕಪ್ಪ ಹೇಳಿದ್ರು.

ಓದಿನ ವಿಷಯ ಬೇಗ ಮುಗಿಸ್ತೀನಿ. ಚಿಕ್ಕಪ್ಪ, ಡಾಕ್ಟರ್ ಓದಲೇಬೇಕಾಗಿರೋದು ಮನೋವೈದ್ಯರಾಗೋಕೆ ಮಾತ್ರ. ಮೊದಲು ವೈದ್ಯಕೀಯ ಪದವಿ, ಆಮೇಲೆ ಅದರಲ್ಲಿ ವಿಶೇಷ ತರಬೇತಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಸೈಕಾಲಜಿಯಲ್ಲಿ ಪದವಿ, ಸ್ನಾತಕೋತ್ತರ, ಅದರ ಮೇಲೆ ಹಿರಿಯರ ಕೈಕೆಳಗೆ ರೋಗಿಗಳ ಜೊತೆ ಕೆಲಸ ಮಾಡಿ ಪಡೆಯೋ ಪರವಾನಗಿ. ಶಾಲೆ ಕಾಲೇಜುಗಳಲ್ಲಿ ಆಪ್ತಸಮಾಲೋಚಕರಾಗೋ ದಾರಿ ಬೇರೆ. ಮನೆ, ಓದು, ಕೆಲಸ ಎಲ್ಲವನ್ನೂ ಸೇರಿಸಿ ನೋಡೋ ಮನೋವೈದ್ಯಕೀಯ ಸಮಾಜಕಾರ್ಯ ಅಂತ ಇನ್ನೊಂದಿದೆ, ಅದಕ್ಕೆ ಮೊದಲು ಮಾಡ್ಬೇಕಾದ ಸಮಾಜಕಾರ್ಯದ ಸ್ನಾತಕೋತ್ತರಕ್ಕೆ ಎಷ್ಟೋ ಕಡೆ ಯಾವ ಪದವಿ ಇದ್ರೂ ಸೇರಿಸ್ಕೊಳ್ತಾರೆ. ಯಾವುದೇ ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ಪರವಾನಗಿ ಕೊಡೋ ಸಂಸ್ಥೆ ಈ ಕೋರ್ಸನ್ನ ಒಪ್ಪತ್ತಾ? ನಿಜವಾದ ಜನರ ಜೊತೆ ಎಷ್ಟು ಗಂಟೆ ಕೆಲಸ ಮಾಡಿಸ್ತಾರೆ? ಆ ಕೆಲಸವನ್ನ ಪಕ್ಕದಲ್ಲಿದ್ದು ತಿದ್ದೋರು ಯಾರು? ಮೂರನೆಯದಕ್ಕೆ ಸ್ಪಷ್ಟ ಉತ್ತರ ಬರದಿದ್ರೆ ಬಿಟ್ಬಿಡಿ. ಕೆಲವೇ ವಾರಗಳ ಆನ್‌ಲೈನ್ ಸರ್ಟಿಫಿಕೇಟಿಂದ ತಿಳುವಳಿಕೆ ಬರಬಹುದು, ಚಿಕಿತ್ಸೆ ಕೊಡೋ ಅರ್ಹತೆ ಬರಲ್ಲ.

ಇನ್ನು ಈಗ ಮಾಡ್ತಿರೋದು. ಅಕ್ಕ, ಅದನ್ನ ನಿಲ್ಲಿಸ್ಬೇಡ. ಅಮೆರಿಕದಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಭಾಗ 24 ವರ್ಷದೊಳಗೆ ಶುರುವಾಗತ್ತೆ. ಪುಟ್ಟಿ ಸುತ್ತ ಇರೋದೇ ಆ ವಯಸ್ಸಿನವರು, ಮತ್ತೆ ಆ ವಯಸ್ಸಲ್ಲಿ ಮೊದಲು ಬಾಯಿಬಿಡೋದು ಬಹಳ ಸಲ ಸ್ನೇಹಿತರ ಹತ್ರಾನೇ. ಅವಳು ಕೇಳಿಸ್ಕೊಳ್ತಿರೋದು ಒಳ್ಳೇದೇ, ಸರಿ ಮಾಡ್ಬೇಕಿರೋದು ಕೇಳಿಸ್ಕೊಳ್ಳೋ ರೀತಿಯನ್ನ.

ಮೊದಲು ಆ ಗ್ರೂಪ್ ಮುಚ್ಚು ಪುಟ್ಟಿ. ಒಬ್ಬರ ಸಂಕಟ ಐದು ಜನರ ಫೋನಲ್ಲಿ ಕೂರತ್ತೆ, ಸ್ಕ್ರೀನ್‌ಶಾಟ್ ಎಲ್ಲಿಗೆ ಹೋಗತ್ತೋ ಗೊತ್ತಾಗಲ್ಲ, ರಾತ್ರಿ ಎರಡು ಗಂಟೆಗೆ ಯಾರೋ ಸಾಯೋ ಮಾತಾಡಿದ್ರೆ ಬೇರೆಯವರು ನೋಡಿರ್ತಾರೆ ಅಂತ ಎಲ್ಲರೂ ಅಂದ್ಕೊಂಡು ಸುಮ್ಮನಾಗ್ತಾರೆ. ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ ಮಾತಾಡು, ಹೊತ್ತು ಗೊತ್ತು ಮಾಡು. ಸಂಜೆ ಏಳರಿಂದ ಒಂಬತ್ತು ಸಿಗ್ತೀನಿ, ಆಮೇಲೆ ತುರ್ತಾದ್ರೆ ಈ ಸಹಾಯವಾಣಿಗೆ ಫೋನ್ ಮಾಡು ಅಂತ ನಂಬರ್ ಸಮೇತ ಮೊದಲೇ ಕಳಿಸಿಡು. ಕಳಿಸೋ ಮುಂಚೆ ಆ ನಂಬರಿಗೆ ನೀನೇ ಒಂದ್ಸಲ ಫೋನ್ ಮಾಡಿ, ರಾತ್ರಿಯೂ ಎತ್ತುತ್ತಾರಾ, ಯಾವ ಭಾಷೆಯಲ್ಲಿ ಮಾತಾಡ್ತಾರೆ ಅಂತ ತಿಳ್ಕೋ.

ಯಾರಿಗೂ ಹೇಳಲ್ಲ ಅಂತ ಆಣೆ ಮಾಡ್ಬೇಡ. ಆಣೆ ಮಾಡಿದ್ಮೇಲೆ ಅಪಾಯದ ವಿಷಯ ಬಂದ್ರೆ ಎರಡೇ ದಾರಿ ಉಳಿಯತ್ತೆ, ನಂಬಿಕೆ ಮುರಿಯೋದು ಇಲ್ಲಾ ಬಾಯಿಮುಚ್ಕೊಂಡಿರೋದು. ಮಾತು ಶುರುವಾಗೋ ಮುಂಚೆಯೇ ಹೀಗನ್ನು: 'ನೀನು ಹೇಳಿದ್ದು ನನ್ನ ಹತ್ರಾನೇ ಇರತ್ತೆ. ಆದ್ರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದ್ರೆ ಒಬ್ಬರು ದೊಡ್ಡವರನ್ನ ಸೇರಿಸ್ಕೊಳ್ತೀನಿ, ಅದನ್ನ ನಿನಗೆ ತಿಳಿಸಿಯೇ ಮಾಡ್ತೀನಿ.' ಇದನ್ನ ಕೇಳಿ ಯಾರೂ ಹೇಳ್ಕೊಳ್ಳಲ್ಲ ಅಂತ ಹೆದರ್ಬೇಡ. ಗಡಿ ಎಲ್ಲಿದೆ ಅಂತ ಗೊತ್ತಿದ್ರೆ ಮಾತಾಡೋದು ಸುಲಭ.

ಕೇಳಿಸ್ಕೊಳ್ಳೋವಾಗ ಮೊದಲ ಹತ್ತು ನಿಮಿಷ ಒಂದು ಸಲಹೆಯೂ ಬೇಡ. 'ಧೈರ್ಯವಾಗಿರು', 'ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದಾರೆ' ಅನ್ನೋ ಮಾತುಗಳು ಒಳ್ಳೆ ಮನಸ್ಸಿಂದಲೇ ಬರತ್ತೆ, ಆದ್ರೆ ಎದುರಿನವರಿಗೆ 'ನನ್ನ ಕಷ್ಟ ಕಷ್ಟವೇ ಅಲ್ಲ' ಅಂತ ಕೇಳಿಸಿ ಬಾಯಿ ಕಟ್ಟಿಹೋಗತ್ತೆ. 'ಯಾಕೆ ಹಾಗ್ಮಾಡ್ದೆ' ಅನ್ನೋದು ವಿಚಾರಣೆ ಥರ ಇರತ್ತೆ. 'ಏನಾಯ್ತು', 'ಯಾವಾಗಿಂದ ಹೀಗಿದೆ' ಅಂತ ಕೇಳು. ಅವರು ಹೇಳಿದ್ದನ್ನ ನಿನ್ನ ಮಾತಲ್ಲಿ ಒಂದ್ಸಲ ತಿರುಗಿ ಹೇಳಿ, 'ಸರಿಯಾಗಿ ಅರ್ಥ ಮಾಡ್ಕೊಂಡ್ನಾ' ಅನ್ನು. ಮೌನ ಬಂದ್ರೆ ತುಂಬಿಸೋಕೆ ಹೋಗ್ಬೇಡ, ಮುಖ್ಯವಾದ ಮಾತು ಎಷ್ಟೋ ಸಲ ಆ ಮೌನದ ಆಚೆಗೇ ಇರತ್ತೆ. ಆಮೇಲೆ ನಿದ್ದೆ, ಊಟ, ಕ್ಲಾಸಿಗೆ ಹೋಗೋದು, ಮುಂಚೆ ಇಷ್ಟವಾಗ್ತಿದ್ದ ಕೆಲಸ, ಇವು ಹೇಗಿವೆ ಅಂತ ವಿಚಾರಿಸು. ಎರಡು ವಾರದಿಂದ ಹೆಚ್ಚುಕಮ್ಮಿ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿದ್ರೆ, ಇಲ್ಲಾ ಯಾವುದರಲ್ಲೂ ಆಸಕ್ತಿ ಇಲ್ಲದಿದ್ರೆ, ತಜ್ಞರನ್ನ ಕಾಣೋ ಹೊತ್ತು ಬಂದಿದೆ ಅಂತ. ಹರೆಯದವರಲ್ಲಿ ಖಿನ್ನತೆ ಅಂದ್ರೆ ಅಳುಮುಖವೇ ಆಗ್ಬೇಕಿಲ್ಲ ಅಕ್ಕ. ಸಿಡುಕು, ಜಗಳ, ಪರೀಕ್ಷೆ ಮಾಡಿಸಿದ್ರೂ ಕಾರಣ ಸಿಗದ ತಲೆನೋವು ಹೊಟ್ಟೆನೋವು, ಹೀಗೂ ಬರತ್ತೆ. ದೊಡ್ಡವರು ಅದನ್ನ ಕೊಬ್ಬು ಅಂತ ತಿಳ್ಕೊಳ್ಳೋದನ್ನ ನೋಡಿದ್ರೆ ಸಂಕಟ ಆಗತ್ತೆ.

ಪಿಎಚ್‌ಕ್ಯೂ-9 ಅಂತ ಖಿನ್ನತೆ ಎಷ್ಟಿದೆ ಅಂತ ಅಂದಾಜು ಮಾಡೋ ಒಂದು ಪ್ರಶ್ನಾವಳಿ ನಿನ್ನ ಕಣ್ಣಿಗೆ ಬಿದ್ದೇ ಬೀಳತ್ತೆ ಪುಟ್ಟಿ. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದ್ರೆ ತಜ್ಞರು ಇನ್ನೂ ವಿವರವಾಗಿ ನೋಡ್ಬೇಕು ಅಂತ ಲೆಕ್ಕ, ಕಾಯಿಲೆ ಇದೆ ಅಂತ ತೀರ್ಪಲ್ಲ. ಕಾಲೇಜಲ್ಲಿ ಕಾರ್ಯಕ್ರಮ ಮಾಡೋರು ಇದನ್ನ ಗೂಗಲ್ ಫಾರ್ಮಲ್ಲಿ ಹಾಕಿ ಎಲ್ಲರಿಗೂ ಕಳಿಸೋ ಆಸೆಗೆ ಬೀಳ್ತಾರೆ. ಅದು ಬೇಡ. ಒಂಬತ್ತನೇ ಪ್ರಶ್ನೆ ಇರೋದೇ ಸತ್ತುಹೋದ್ರೆ ವಾಸಿ, ನನಗೆ ನಾನೇ ನೋವು ಮಾಡ್ಕೋಬೇಕು ಅನ್ನೋ ಯೋಚನೆ ಬಂದಿದೆಯಾ ಅಂತ. ಶುಕ್ರವಾರ ರಾತ್ರಿ ಒಬ್ಬರು ಅದಕ್ಕೆ ಹೌದು ಅಂತ ಒತ್ತಿ, ನೀವು ಸೋಮವಾರ ತೆಗೆದು ನೋಡಿದ್ರೆ ಏನು ಗತಿ? ಉತ್ತರ ಬಂದ ತಕ್ಷಣ ಏನಾದ್ರೂ ಮಾಡೋಕೆ ತಯಾರಿರೋರು ಇಲ್ಲದ ಕಡೆ ಆ ಪ್ರಶ್ನೆ ಕೇಳಲೇಬಾರದು.

ಎದುರಿಗೆ ಕೂತು ಮಾತಾಡೋವಾಗ ಮಾತ್ರ ನೇರವಾಗಿ ಕೇಳ್ಬೇಕು. 'ಇರೋದೇ ಬೇಡ' ಅನ್ನೋ ಥರ ಮಾತು ಬಂದ್ರೆ ಸುತ್ತಿ ಬಳಸ್ಬೇಡ, 'ಆತ್ಮಹತ್ಯೆಯ ಯೋಚನೆ ಬರ್ತಿದೆಯಾ' ಅಂತಾನೇ ಕೇಳು. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗತ್ತೆ ಅನ್ನೋ ಭಯ ಎಲ್ಲ ಕಡೆ ಇದೆ. ಅಧ್ಯಯನಗಳಲ್ಲಿ ಹಾಗೇನೂ ಕಂಡಿಲ್ಲ. 'ಹಾಗೇನೂ ಮಾಡ್ಕೊಳ್ಳಲ್ಲ ತಾನೇ?' ಅಂತ ಕೇಳ್ಬೇಡ, ಅದಕ್ಕೆ 'ಇಲ್ಲ' ಅನ್ನೋದೊಂದೇ ಉತ್ತರ. ಹೌದು ಅಂದ್ರೆ, ಹೇಗೆ, ಯಾವಾಗ ಅಂತ ಯೋಚಿಸಿದಾರಾ, ಬೇಕಾದ ವಸ್ತು ಕೈಗೆ ಸಿಗೋ ಹಾಗಿದೆಯಾ ಅಂತ ತಿಳ್ಕೋ. ಇದೆ ಅಂದ್ರೆ ಒಬ್ಬರನ್ನೇ ಬಿಡ್ಬೇಡ, ತಕ್ಷಣ ಒಬ್ಬರು ದೊಡ್ಡವರನ್ನ ಕರೆಸು, ತುರ್ತು ಸಹಾಯಕ್ಕೆ ಫೋನ್ ಮಾಡು ಇಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಪಾಯದ ವಸ್ತುವನ್ನ ದೊಡ್ಡವರು ಅಲ್ಲಿಂದ ತೆಗೀಬೇಕು. ಆ ತೀವ್ರತೆ ಬಹಳ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತು ದಾಟಿಸಿದ್ರೆ ಜೀವ ಉಳಿಯತ್ತೆ. 'ಏನೂ ಮಾಡ್ಕೊಳ್ಳಲ್ಲ ಅಂತ ಮಾತು ಕೊಡು' ಅಂತ ಹಟ ಮಾಡೋದ್ರಿಂದ ಪ್ರಯೋಜನ ಇಲ್ಲ. ಮಾತು ಕೊಟ್ಟೋರು ಮುಂದಿನ ಸಲ ನಿನಗೆ ಹೇಳದೆ ಇರ್ತಾರೆ, ಅಷ್ಟೇ.

ಇಷ್ಟೆಲ್ಲ ಮಾಡಿದ್ಮೇಲೂ ಕೈತಪ್ಪೋದು ತಜ್ಞರ ಕೈಗೆ ಒಪ್ಪಿಸೋ ಹಂತದಲ್ಲಿ. ಕೌನ್ಸೆಲರ್ ನಂಬರ್ ಕಳಿಸಿ 'ಫೋನ್ ಮಾಡು' ಅಂದ್ರೆ ಕುಗ್ಗಿರೋ ಮನಸ್ಸು ಮಾಡಲ್ಲ, ಅದಕ್ಕೆ ಆ ಶಕ್ತಿ ಇರಲ್ಲ. ಪಕ್ಕದಲ್ಲಿ ಕೂತು ಡಯಲ್ ಮಾಡಿಸು, ಹೋಗೋ ದಿನ ಜೊತೆಗೆ ಹೋಗಿ ಹೊರಗೆ ಕೂತಿರು. ಒಳಗೆ ಹೋದ್ಮೇಲೆ ಮಾತೇ ಹೊರಡಲ್ಲ ಅನ್ನೋರಿಗೆ ಮೂರು ಸಾಲು ಬರ್ಕೊಂಡು ಹೋಗೋಕೆ ಹೇಳು, ಏನಾಗ್ತಿದೆ, ಯಾವಾಗಿಂದ, ಯಾವುದು ಅತಿ ಕಷ್ಟ. ಮೊದಲು ಕಂಡವರು ಹೊಂದದಿದ್ರೆ ಇನ್ನೊಬ್ಬರನ್ನ ಕಾಣಬಹುದು ಅಂತ ಮುಂಚೆಯೇ ತಿಳಿಸು. ಮಾರನೇ ದಿನ 'ಹೇಗಿತ್ತು' ಅಂತ ಕೇಳು. ಚಿಕ್ಕ ವಯಸ್ಸಿನವರಾದ್ರೆ ಮನೆಯವರಿಗೆ ತಿಳಿಸ್ಬೇಕಾಗತ್ತೆ, ಆದ್ರೆ ನೋವು ಆಗ್ತಿರೋದೇ ಮನೆಯಲ್ಲಿ ಅಂತ ಗೊತ್ತಾದ್ರೆ ಮೊದಲು ಕೌನ್ಸೆಲರ್ ಹತ್ರ ಹೋಗು.

ಚಿಕ್ಕಪ್ಪ, ನೀವು ಹೇಳಿದ್ದಕ್ಕೆ ಇನ್ನೊಂದು ಮಾತು. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಫ್ರೆಂಡ್‌ಶಿಪ್ ಬೆಂಚ್ ಅಂತ ಶುರುಮಾಡಿದ್ರು. ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಆವರಣದ ಬೆಂಚಿನ ಮೇಲೆ ಕೂತು ಜನರ ಜೊತೆ ಸಮಸ್ಯೆ ಬಿಡಿಸೋದನ್ನ ಕಲಿಸಿದ್ರು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾಮೂಲಿ ಆರೈಕೆ ಪಡೆದವರಿಗಿಂತ ಈ ಬೆಂಚಿಗೆ ಬಂದವರ ತೊಂದರೆ ಆರು ತಿಂಗಳ ಹೊತ್ತಿಗೆ ಹೆಚ್ಚು ಇಳಿದಿತ್ತು. ಅಜ್ಜಿಯರು ಡಾಕ್ಟರ್ ಓದಿರಲಿಲ್ಲ, ಆದ್ರೆ ತರಬೇತಿ ಇತ್ತು, ಕ್ರಮ ಇತ್ತು, ಕಷ್ಟದ ಕೇಸು ಬಂದ್ರೆ ಒಪ್ಪಿಸೋಕೆ ಮೇಲಿನವರು ಇದ್ರು.

ಪುಟ್ಟಿಗೂ ಬೇಕಾಗಿರೋದು ಅದೇ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಉಚಿತವಾಗಿ ಸಿಗತ್ತೆ. ಅದು ವಿಪತ್ತಿನ ಸಮಯಕ್ಕೆ ಅಂತ ಬರೆದಿದ್ದಾದ್ರೂ ನೋಡು, ಕೇಳು, ಬೇಕಾದ ಸಹಾಯದ ಜೊತೆ ಜೋಡಿಸು ಅನ್ನೋ ಮೂರು ಹೆಜ್ಜೆ ಇವಳಿಗೂ ಸಾಕಷ್ಟು ಕಲಿಸತ್ತೆ. ಆಸ್ಟ್ರೇಲಿಯಾದಲ್ಲಿ 2000ದಲ್ಲಿ ಶುರುವಾದ ಮೆಂಟಲ್ ಹೆಲ್ತ್ ಫಸ್ಟ್ ಏಡ್ ತರಬೇತಿ ಹತ್ತಿರದಲ್ಲಿ ಸಿಕ್ಕಿದ್ರೆ ಸೇರಿಸು. ಇವೆಲ್ಲಕ್ಕಿಂತ ಮುಖ್ಯ, ಕಾಲೇಜಿನ ಕೌನ್ಸೆಲರನ್ನ ಕಂಡು ಹದಿನೈದು ದಿನಕ್ಕೊಂದು ಗಂಟೆ ಕೇಳ್ಕೊಳ್ಳಿ. ಹೆಸರು ಹೇಳದೆ, ಏನು ಕೇಳಿದೆ, ಏನು ಹೇಳಿದೆ, ಎಲ್ಲಿ ತಡವರಿಸಿದೆ ಅಂತ ಅವರ ಮುಂದೆ ಇಡ್ಬೇಕು. ಪರೀಕ್ಷೆ ಸಮಯದಲ್ಲಿ ಇವಳ ಬದಲಿಗೆ ಯಾರು ಅನ್ನೋದನ್ನೂ ಅಲ್ಲೇ ತೀರ್ಮಾನಿಸ್ಲಿ. ಇವಳ ನಿದ್ದೆ ಕೆಡೋಕೆ ಶುರುವಾದ್ರೆ, ಫೋನ್ ಸದ್ದಾದ ಕೂಡ್ಲೇ ಎದೆ ಹೊಡ್ಕೊಂಡ್ರೆ, ಆವತ್ತೇ ಕೆಲಸ ಅರ್ಧಕ್ಕೆ ಇಳಿಸ್ಬೇಕು.

ಅಕ್ಕ, ನೀನು ಮಾತ್ರ 'ಯಾರದು, ಏನು ಹೇಳಿದ್ರು' ಅಂತ ಕೆದಕ್ಬೇಡ. 'ನಿನಗೆ ಹೇಗಿದೆ' ಅಂತ ಕೇಳು, ಸಾಕು. ಈ ವಾರ ಗ್ರೂಪ್ ಮುಚ್ಚಿ ಕೌನ್ಸೆಲರನ್ನ ಕಾಣ್ಲಿ. ಕೋರ್ಸ್‌ಗಳ ಪಟ್ಟಿ ಸಿಕ್ಕಿದ್ಮೇಲೆ ಇಲ್ಲೇ ಹಾಕಿ, ಆ ಮೂರು ಪ್ರಶ್ನೆ ಇಟ್ಕೊಂಡು ಒಂದೊಂದಾಗಿ ನೋಡೋಣ.